ನಾಲ್ಕು ಹತ್ತರ ನಾಡಿ

"ಇಲ್ಲಿ ನೋಡಿ ಮೇಡಂ, ಇದೇ ಅವನ ಒಳ್ಳೇ ಹೊತ್ತು" ಎಂದು ನರ್ಸ್ ಪರದೆಯ ಮೇಲೆ ಬೆರಳಿಟ್ಟಳು. "ದಿನಾ ಸಾಯಂಕಾಲ ನಾಲ್ಕು ಹತ್ತು. ಎದೆಬಡಿತ ನೂರ ಮೂವತ್ತು, ಕೆಲವು ದಿನ ನೂರ ನಲವತ್ತು. ಹತ್ತು ಹನ್ನೆರಡು ನಿಮಿಷ. ಇಷ್ಟು ಶಿಸ್ತಾಗಿ ಕಸರತ್ತು ಮಾಡೋ ಪೇಷಂಟನ್ನ ನಾನು ನೋಡೇ ಇಲ್ಲ."

ಪರದೆಯ ಮೇಲೆ, ಅವನ ಕೈಪಟ್ಟಿ ಬರೆದಿಟ್ಟ ಕೆಂಪು ಗೆರೆ ದಿನಕ್ಕೊಂದು ಗುಡ್ಡ ಹತ್ತಿ ಇಳಿದಿತ್ತು. ಪ್ರತಿ ಗುಡ್ಡದ ನೆತ್ತಿಯಲ್ಲೂ, ಗುರಿ ಮುಟ್ಟಿದ್ದಕ್ಕೆ, ಒಂದು ಹಸಿರು ನಕ್ಷತ್ರ.

ಇನ್ಸ್‌ಪೆಕ್ಟರ್ ಕುಳಿತುಕೊಳ್ಳಲಿಲ್ಲ. ಲಿಫ್ಟ್ ನಿಂತುಹೋಗಿ, ಐದನೇ ಮಹಡಿಯ ಈ ಕ್ಲಿನಿಕ್ಕಿಗೆ ಮೆಟ್ಟಿಲು ಹತ್ತಿ ಬಂದಿದ್ದಕ್ಕೆ ಅವಳ ಮಂಡಿ ಇನ್ನೂ ಉರಿಯುತ್ತಿತ್ತು. ಒಮ್ಮೆ ಕೂತರೆ ಏಳುವುದು ಕಷ್ಟ.

"ಆ ಹತ್ತು ನಿಮಿಷದಲ್ಲಿ ಎಷ್ಟು ಹೆಜ್ಜೆ ನಡೆದಿದ್ದಾನೆ?"

"ಹೆಜ್ಜೆನಾ?" ನರ್ಸ್ ಇನ್ನೊಂದು ಪುಟ ತೆರೆದಳು. ಮೇಲಿಂದ ಕೆಳಕ್ಕೆ ನೋಡಿದಳು. ಮತ್ತೆ ಮೇಲಕ್ಕೆ ಹೋದಳು. "ಸೊನ್ನೆ... ಸೊನ್ನೆ... ಒಂದು ದಿನ ಆರು. ಇಲ್ಲಿ ಒಂಬತ್ತು."

"ಅಂದ್ರೆ ಕೂತಲ್ಲೇ ಓಡ್ತಿದ್ದ."

ನರ್ಸ್ ಮತ್ತೆ ಹಿಂದಿನ ಪುಟಕ್ಕೆ ಹೋಗಿ ನಕ್ಷತ್ರಗಳನ್ನು ನೋಡಿದಳು.

ಆರು ಮಹಡಿಯ ಈ ಹಳೇ ಕಟ್ಟಡದ ಲಿಫ್ಟ್ ನಡೆಸುತ್ತಿದ್ದ, ಎಲ್ಲರ ಬಾಯಲ್ಲೂ 'ಲಿಫ್ಟಣ್ಣ'ನಾಗಿದ್ದ ಆ ಭಾರಿ ಮನುಷ್ಯ ಸೋಮವಾರ ಬೆಳಿಗ್ಗೆ ಲಿಫ್ಟಿನ ತಳದ ಗುಂಡಿಯಲ್ಲಿ ಹೆಣವಾಗಿ ಸಿಕ್ಕಿದ್ದ. ಅದಾಗಿ ನಾಲ್ಕು ದಿನವಾದರೂ ಕಟ್ಟಡದವರೆಲ್ಲ 'ಕಾಲು ಜಾರಿ ಬಿದ್ದ' ಎಂಬ ಒಂದೇ ರಾಗ ಹಾಡುತ್ತಿದ್ದರು.

"ಅವನ ತೂಕ?"

"ನಮ್ಮ ಕ್ಲಿನಿಕ್ಕಿಗೆ ಸೇರಿದಾಗ ನೂರ ನಲವತ್ತೆರಡು ಕಿಲೋ. ಹೋದ ವಾರ ನೂರ ಇಪ್ಪತ್ಮೂರು. ಮೂರು ತಿಂಗಳಲ್ಲಿ ಹತ್ತೊಂಬತ್ತು ಕಿಲೋ ಇಳಿಸಿದ್ದ ಮೇಡಂ. ಆದ್ರೆ ಅವನು ನಂಬ್ತಾನೇ ಇರಲಿಲ್ಲ. 'ನಿಮ್ಮ ತಕ್ಕಡಿ ಸುಳ್ಳು ಹೇಳುತ್ತೆ ಸಿಸ್ಟರ್, ನಾನು ದಿನದಿಂದ ದಿನಕ್ಕೆ ಊದ್ತಾ ಇದ್ದೀನಿ' ಅಂತಿದ್ದ. ಕಡೇ ಮೂರು ವಾರ ಊಟಾನೇ ಬಿಟ್ಟಿದ್ದ ಅನ್ಸುತ್ತೆ. ಕೇಳಿದ್ರೆ ಹೊಟ್ಟೆ ತುಂಬಿದೆ ಅಂತ ಸಾಧಿಸ್ತಿದ್ದ. ನಾವು... ನಾವು ಈ ನಕ್ಷತ್ರ ನೋಡ್ಕೊಂಡು ಗುರಿ ಹೆಚ್ಚಿಸ್ತಾ ಹೋದ್ವಿ."

ಅವಳು ಕಣ್ಣೊರೆಸಿಕೊಂಡಳು. ಇನ್ಸ್‌ಪೆಕ್ಟರ್ ಸಮಾಧಾನ ಹೇಳಲು ಹೋಗಲಿಲ್ಲ. ಅವಳ ಕಣ್ಣು ಪರದೆಯಲ್ಲೇ ನೆಟ್ಟಿತ್ತು.

"ಕೆಲವು ದಿನ ಗುಡ್ಡವೇ ಇಲ್ಲವಲ್ಲ?"

ಇಬ್ಬರೂ ಸೇರಿ ಲೆಕ್ಕದಿಂದ ಭಾನುವಾರ ಬಿಟ್ಟರು. ಅರ್ಧ ದಿನದ ಶನಿವಾರ ಬಿಟ್ಟರು. ಉಳಿದ ಕೆಲಸದ ದಿನಗಳಲ್ಲಿ ಹನ್ನೊಂದು ದಿನ ಲಿಫ್ಟಣ್ಣನ ಎದೆ ನಾಲ್ಕು ಹತ್ತಕ್ಕೆ ತಣ್ಣಗಿತ್ತು. ಇನ್ಸ್‌ಪೆಕ್ಟರ್ ಹನ್ನೊಂದೂ ತಾರೀಕು ಬರೆದುಕೊಂಡಳು.

"ಈಗ ಶನಿವಾರದ್ದು ತೋರಿಸಿ."

ನರ್ಸ್ ಆ ಪುಟ ತೆರೆಯಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಮಧ್ಯಾಹ್ನ ಎರಡಕ್ಕೆ ಕಟ್ಟಡ ಖಾಲಿಯಾಗಿತ್ತು. ಮೂರು ಇಪ್ಪತ್ತಕ್ಕೆ ಲಿಫ್ಟಣ್ಣ ಮೆಟ್ಟಿಲು ಹತ್ತಲು ಶುರು ಮಾಡಿದ್ದ. ನಾಡಿ ನೂರ ಅರವತ್ತೈದು. ಎರಡು ಮಹಡಿ ಹತ್ತಿದರೆ ಬಾಯಿ ಬಿಡುತ್ತಿದ್ದ ಮನುಷ್ಯ ತಾರಸಿಯವರೆಗೂ ಹೋಗಿದ್ದ. ಅಲ್ಲಿ ಹನ್ನೊಂದು ನಿಮಿಷ. ಆಮೇಲೆ ಇಳಿಯುವ ಹೆಜ್ಜೆಗಳು. ಮೂರು ಐವತ್ತೆರಡಕ್ಕೆ, ಎರಡನೇ ಮಹಡಿಯ ಎತ್ತರದಲ್ಲಿ, ಗೆರೆ ನೆಟ್ಟಗೆ ಕೆಳಗೆ ಬಿದ್ದಿತ್ತು.

"ಅಲ್ಲಿಗೆ ಮುಗೀತಾ?"

"ಬಿದ್ದದ್ದು ಎತ್ತರದ ಗೆರೆ ಮೇಡಂ. ನಾಡಿಯದ್ದು ಇದು." ಅವಳ ಬೆರಳು ಕೆಂಪು ಗೆರೆಯ ಹಿಂದೆ ನಿಧಾನವಾಗಿ ಹೋಯಿತು. ನಾಲ್ಕು ಗಂಟೆ. ನಾಲ್ಕು ಹತ್ತು. ನಾಲ್ಕೂ ಇಪ್ಪತ್ತು. "ನಾಲ್ಕೂ ಮೂವತ್ತೊಂದು. ಮೂವತ್ತೊಂಬತ್ತು ನಿಮಿಷ ಗುಂಡಿಯಲ್ಲಿ ಬದುಕಿದ್ದ."

* * *

ಮೂರನೇ ಮಹಡಿಯಲ್ಲಿ ಟೈಪಿಂಗ್ ಶಾಲೆಯಿತ್ತು. ಸಂಜೆಯ ತರಗತಿ ಶುರುವಾಗುವುದು ನಾಲ್ಕೂ ಕಾಲಿಗೆ ಎಂದು ಬಾಗಿಲ ಮೇಲೆ ಬರೆದಿತ್ತು. ಮಧ್ಯಾಹ್ನದ ಹೊತ್ತಿಗೇ ಬಂದು ಕೂತಿದ್ದ ಒಬ್ಬ ಹುಡುಗಿ, ಇನ್ಸ್‌ಪೆಕ್ಟರ್ ನಾಲ್ಕು ಹತ್ತರ ಬಗ್ಗೆ ಪ್ರಶ್ನೆ ಮುಗಿಸುವ ಮೊದಲೇ ತಲೆ ತಗ್ಗಿಸಿದಳು.

"ನಾವೆಲ್ಲ ಒಟ್ಟಿಗೆ ಬರ್ತಿದ್ವಿ. ಐದಾರು ಜನ. ಲಿಫ್ಟೊಳಗೆ ನಿಂತ ತಕ್ಷಣ ಭಾರ ಹೆಚ್ಚಾಯ್ತು ಅನ್ನೋ ಗಂಟೆ ಹೊಡ್ಕೊಳ್ತಿತ್ತು. ಒಬ್ಬರು ಇಳೀಬೇಕು ಅಂದಾಗ... ಕಟ್ಟಡದ ಸೂಪರ್ವೈಸರ್ ಅಲ್ಲೇ ನಿಂತಿರ್ತಿದ್ರು. 'ಮೂರು ಜನಾನ ಇಳಿಸೋ ಬದಲು ನೀನೊಬ್ಬ ಇಳಿಯೋ ಮಾರಾಯ, ಮೂರು ಜನರ ಲೆಕ್ಕ ನೀನು' ಅಂತಿದ್ರು."

"ಅವನು?"

"ಇಳಿದು ಬಂದು ಆ ಸ್ಟೂಲ್ ಮೇಲೆ ಕೂರ್ತಿದ್ದ. ಸೂಪರ್ವೈಸರ್ರೇ ಲಿಫ್ಟ್ ತಗೊಂಡು ಹೋಗ್ತಿದ್ರು."

"ನೀವು?"

ಹುಡುಗಿ ತನ್ನ ಬೆರಳುಗಳನ್ನೇ ನೋಡಿಕೊಂಡಳು. "ನಗ್ತಿದ್ವಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇನ್ಸ್‌ಪೆಕ್ಟರ್ ಕೆಳಗಿನ ಆ ಸ್ಟೂಲನ್ನು ಹೋಗಿ ನೋಡಿದಳು. ಕಬ್ಬಿಣದ ಕಾಲುಗಳು ಹೊರಕ್ಕೆ ಬಾಗಿದ್ದವು. ಅದು ಲಿಫ್ಟಿನ ಜಾಲರಿ ಬಾಗಿಲಿಗೆ ಎದುರಾಗಿತ್ತು. ಅಲ್ಲಿ ಕೂತವನಿಗೆ, ತನ್ನ ಲಿಫ್ಟು ತನ್ನನ್ನು ಬಿಟ್ಟು ಮೇಲೆ ಹೋಗುವುದು ಪೂರ್ತಿ ಕಾಣುತ್ತಿತ್ತು.

ಹತ್ತೊಂಬತ್ತು ಕಿಲೋ ಇಳಿದಿದ್ದಾನೆ. ಗಂಟೆ ಮಾತ್ರ ಬಿಡದೆ ಹೊಡೆದುಕೊಳ್ಳುತ್ತದೆ. ಹಾಗಾದರೆ ಸುಳ್ಳು ಹೇಳುತ್ತಿದ್ದದ್ದು ಕ್ಲಿನಿಕ್ಕಿನ ತಕ್ಕಡಿಯಲ್ಲ.

* * *

ತಾರಸಿಯ ಮೇಲೆ ಲಿಫ್ಟಿನ ಯಂತ್ರದ ಕೋಣೆ. ಬಾಗಿಲಲ್ಲಿ ಹೆಡ್ ಕಾನ್‌ಸ್ಟೇಬಲ್ ನಿಂತಿದ್ದ. ಠಾಣೆಯಲ್ಲಿ ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ಬೇಕಿರಲಿಲ್ಲ, ಎಲ್ಲರಿಗೂ 'ಮೀಸೆ'.

ಒಳಗೆ ಲಿಫ್ಟ್ ಮೆಕ್ಯಾನಿಕ್ ಮಂಡಿಯೂರಿ ಕೂತಿದ್ದ. ತೆಳ್ಳಗಿನ ಆಳು, ಉಗುರು ತುಂಬ ಗ್ರೀಸು, ಮಾತು ಮೆಲ್ಲಗೆ. ಎರಡು ದಿನದಿಂದ ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಕೊಡುತ್ತಿದ್ದ ಮನುಷ್ಯ ಇಡೀ ಕಟ್ಟಡದಲ್ಲಿ ಅವನೊಬ್ಬನೇ.

"ಇದು ನೋಡಿ ಮೇಡಂ." ಒಂದು ಕಪ್ಪು ಪೆಟ್ಟಿಗೆಯ ಮೂಲೆಯಲ್ಲಿ ಹಿತ್ತಾಳೆಯ ಸಣ್ಣ ತಿರುಪು ತೋರಿಸಿದ. "ಭಾರ ಎಷ್ಟಾದ್ರೆ ಗಂಟೆ ಹೊಡೀಬೇಕು ಅಂತ ಇದು ಹೇಳುತ್ತೆ. ಒಂದು ಸುತ್ತು ತಿರುಗಿಸಿದ್ರೆ ನೂರು ಕಿಲೋ ಮೊದಲೇ ಹೊಡ್ಕೊಳ್ಳುತ್ತೆ. ಇದರ ಮೈ ನೋಡಿ."

ತಿರುಪಿನ ತಲೆ ತುಂಬ ಹೊಸ ಗೀರುಗಳು. ಹಿತ್ತಾಳೆ ಚಿನ್ನದ ಹಾಗೆ ಹೊಳೆಯುತ್ತಿತ್ತು.

"ಕಲಿತವರ ಕೈ ಅಲ್ಲ ಇದು. ಕಲಿತವರು ಗೀರು ಬಿಡಲ್ಲ" ಎಂದ ಅವನು. "ದಿನಾ ತಿರುಗಿಸಿ, ದಿನಾ ವಾಪಸ್ ಇಟ್ಟಿದ್ದಾರೆ."

"ಈ ಕೋಣೆ ಕೀ?"

"ಸೂಪರ್ವೈಸರ್ ಹತ್ರ. ಮಹಡಿ ಬಾಗಿಲು ಹೊರಗಿಂದ ತೆಗೆಯೋ ಮೂರು ಮೂಲೆ ಕೀನೂ ಅವರ ಗೊಂಚಲಲ್ಲೇ ಇದೆ. ನಾನಂತೂ ಹೋದ ಶುಕ್ರವಾರವೇ ತಿಂಗಳ ಕೆಲಸ ಮುಗಿಸಿ ಸರ್ವೀಸ್ ಕಾರ್ಡಿಗೆ ಸಹಿ ಹಾಕಿ ಹೋಗಿದ್ದೆ." ಅವನು ಕೈ ಒರೆಸಿಕೊಂಡು ಎದ್ದ. "ನಾಲ್ಕಕ್ಕೆ ಒಂದು ಸಲ ಓಡಿಸಿ ತೋರಿಸಲಾ? ನಿಮ್ಮವರು ಒಬ್ಬರು ಜೊತೆಗಿದ್ರೆ ಸಾಕು. ನಾಳೆ ಕೋರ್ಟಲ್ಲಿ ಬರೀ ನನ್ನ ಮಾತು ಅಂತ ಆಗಬಾರದು."

"ಮೀಸೆ ಇರ್ತಾರೆ" ಎಂದಳು ಇನ್ಸ್‌ಪೆಕ್ಟರ್.

ಮೀಸೆ ಅವಳನ್ನು ಪಕ್ಕಕ್ಕೆ ಕರೆದು ಒಂದು ಹಾಳೆ ಕೊಟ್ಟ. ಕಟ್ಟಡದ ಸಿಬ್ಬಂದಿಯ ರಜೆ ಪಟ್ಟಿ. ಹನ್ನೊಂದು ತಾರೀಕಿಗೂ ಕೆಂಪು ಗುರುತು ಹಾಕಿದ್ದ. ಹನ್ನೊಂದೂ ಒಬ್ಬನವೇ.

* * *

ಸೂಪರ್ವೈಸರನ ಕೋಣೆ ನೆಲಮಹಡಿಯಲ್ಲಿ, ಮೆಟ್ಟಿಲ ಅಡಿಯಲ್ಲಿ. ಇನ್ಸ್‌ಪೆಕ್ಟರ್ ಬಾಗಿಲು ಹಾಕಿ, ಈ ಸಲ ಕುರ್ಚಿ ಎಳೆದುಕೊಂಡು ಕೂತಳು.

"ನಾನು ಶನಿವಾರ ಇಲ್ಲಿರಲೇ ಇಲ್ಲ" ಎಂದ ಅವನು.

"ನಾನಿನ್ನೂ ಏನೂ ಕೇಳಲಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನ ಮುಖ ಕೆಂಪಾಯಿತು. "ಅಪ್ಪನಿಗೆ ಕಣ್ಣಿನ ಆಪರೇಷನ್. ಒಂದು ಗಂಟೆಯಿಂದ ಆರರವರೆಗೂ ಆಸ್ಪತ್ರೆಯಲ್ಲಿದ್ದೆ. ಬೇಕಾದ್ರೆ ಕೇಳಿ."

"ಕೇಳಿದ್ದಾಗಿದೆ. ಇದ್ದದ್ದು ನಿಜ." ಅವಳು ರಜೆ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ತನ್ನ ಪುಸ್ತಕ. "ಈ ಹನ್ನೊಂದು ದಿನ ನೀವು ರಜೆ. ಈ ಹನ್ನೊಂದು ದಿನ ಗಂಟೆ ಹೊಡೀಲಿಲ್ಲ. ಈ ಹನ್ನೊಂದು ದಿನ ಒಬ್ಬ ಮನುಷ್ಯನ ಎದೆ ಅವನ ಮಾತು ಕೇಳಿತು. ಉಳಿದ ಐವತ್ತು ಚಿಲ್ಲರೆ ದಿನದ ಕಥೆ ನೀವು ಹೇಳಿ."

"ಎದೆ ಗಿದೆ ನನಗೇನು ಗೊತ್ತು?"

"ಅವನ ಕೈಯಲ್ಲಿದ್ದ ಪಟ್ಟಿಗೆ ಗೊತ್ತು. ನಿಮಿಷ ನಿಮಿಷಕ್ಕೂ ಬರೆದಿಟ್ಟಿದೆ. ನೀವು 'ಇಳಿಯೋ ಮಾರಾಯ' ಅಂದ ಹೊತ್ತು, ಹುಡುಗೀರು ನಕ್ಕ ಹೊತ್ತು, ಎಲ್ಲ ಇದೆ."

ಅವನು ಕಿಟಕಿಯ ಕಡೆ ನೋಡಿದ. ಕಿಟಕಿಯಾಚೆ ಇದ್ದದ್ದು ಗೋಡೆ.

"ಮಾಲೀಕರಿಗೆ ತಾನೇ ಓಡೋ ಲಿಫ್ಟ್ ಬೇಕಿತ್ತು" ಎಂದ ಕೊನೆಗೆ. "ಅವನು ಇರೋವರೆಗೂ ಹಾಕೋ ಹಾಗಿಲ್ಲ. ಅರವತ್ತು ತುಂಬೋವರೆಗೂ ಕೆಲಸದಿಂದ ತೆಗೆಯೋಕೆ ಬರಲ್ಲ. ತಾನಾಗೇ ಬಿಟ್ಟು ಹೋಗಲಿ ಅಂತ... ಬೈದ್ರೆ ಹೋಗೋ ಜಾತಿಯಲ್ಲ ಅವನು. ನಾಚಿಕೆ ಆದ್ರೆ ಹೋಗ್ತಾನೆ ಅಂತ ಅಂದ್ಕೊಂಡೆ. ಮೂರೂವರೆಗೆ ಮೇಲೆ ಹೋಗಿ ತಿರುಗಿಸ್ತಿದ್ದೆ. ನಾಲ್ಕೂವರೆಗೆ ವಾಪಸ್."

"ಅವನು ಊಟ ಬಿಟ್ಟದ್ದು ಗೊತ್ತಿತ್ತಾ?"

"ಡಯಟ್ ಅಂತಿದ್ದ."

"ಹೆಂಡತಿ ಕಟ್ಟಿಕೊಟ್ಟ ಡಬ್ಬಿ ಬಿಚ್ಚದೆ ಕಸದ ತೊಟ್ಟಿಗೆ ಸುರೀತಿದ್ದ. ಕಸ ಗುಡಿಸೋಳು ಹೇಳಿದ್ಲು. ನೀವು ದಿನಾ ಅದೇ ತೊಟ್ಟಿ ಪಕ್ಕ ನಿಂತು ಸಿಗರೇಟ್ ಸೇದ್ತೀರಿ."

"ನಾನು ಕೊಂದಿಲ್ಲ ಮೇಡಂ. ನಾಯಿ ಹಾಗೆ ನಡ್ಕೊಂಡಿದ್ದೀನಿ, ಒಪ್ಕೊಳ್ತೀನಿ. ಆದ್ರೆ ಕೊಂದಿಲ್ಲ."

"ಆ ತಿರುಪು ಯಾವುದು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಯಾವಾಗಲೋ ರಿಪೇರಿ ನಡೀತಿದ್ದಾಗ ನೋಡಿದ್ದೆ."

ಅದು ಅರ್ಧ ಉತ್ತರ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಅಂಥ ಅರ್ಧ ಉತ್ತರಗಳನ್ನು ಅವಳು ಎಷ್ಟೋ ಹಿಂಡಿ ತೆಗೆದಿದ್ದಳು. ಆದರೆ ಅಂದು ಅವಳಿಗೆ ಸಿಟ್ಟು ಹತ್ತಿತ್ತು. ಆ ಮುಖವನ್ನು ಇನ್ನೊಂದು ನಿಮಿಷ ನೋಡುವುದು ಬೇಡವೆನಿಸಿ ಎದ್ದು ಹೊರಬಂದಳು. ಮುಂದೆ ಎಷ್ಟೋ ದಿನ, ಆ ಕೋಣೆಯಿಂದ ಬೇಗ ಎದ್ದದ್ದಕ್ಕೆ ಅವಳು ತನ್ನನ್ನೇ ಬೈದುಕೊಳ್ಳಲಿದ್ದಳು.

* * *

ಲಿಫ್ಟಣ್ಣನ ಹೆಂಡತಿ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸ ಮಾಡುತ್ತಿದ್ದಳು. ರಜೆ ಕೊಟ್ಟಿದ್ದರೂ ಮನೆಯಲ್ಲಿ ಕೈ ಸುಮ್ಮನಿರಲಿಲ್ಲ. ಗಂಡನ ಅಂಗಿಗಳನ್ನೆಲ್ಲ ತೆಗೆದು ಮಂಚದ ಮೇಲೆ ಮಡಿಸಿ ಇಡುತ್ತಿದ್ದಳು. ಒಂದೊಂದು ಅಂಗಿಯೂ ಮೇಜಿನ ಬಟ್ಟೆಯಷ್ಟು ಅಗಲ.

ಇನ್ಸ್‌ಪೆಕ್ಟರ್ ಸೂಪರ್ವೈಸರನ ವಿಷಯ ಹೇಳಿದಳು. ಹೆಂಡತಿ ಅಳಲಿಲ್ಲ.

"ದಿನಾ ಮನೆಗೆ ಬಂದ ತಕ್ಷಣ ಕೈ ಚಾಚಿ ತೋರಿಸ್ತಿದ್ರು. ಇವತ್ತು ಇಷ್ಟು ಹೆಜ್ಜೆ, ಇಷ್ಟು ನಕ್ಷತ್ರ ಅಂತ. ಸ್ಕೂಲಿಂದ ಬಂದ ಮಗು ಮಾರ್ಕ್ಸ್ ಹೇಳೋ ಥರ." ಅವಳು ಒಂದು ಅಂಗಿಯ ತೋಳನ್ನು ಒಳಕ್ಕೆ ಮಡಿಸಿದಳು. "ಆ ನಕ್ಷತ್ರ ಎಲ್ಲಿಂದ ಬರ್ತಿತ್ತು ಅಂತ ಈಗ ಗೊತ್ತಾಯ್ತು."

ಇನ್ಸ್‌ಪೆಕ್ಟರ್ ಉತ್ತರಿಸುವಷ್ಟರಲ್ಲಿ ಅವಳ ಫೋನು ನಡುಗಿತು. ಕೈಪಟ್ಟಿ ತಯಾರಿಸುವ ಕಂಪನಿಯಿಂದ ಪತ್ರ. ಮೂರು ದಿನದ ಹಿಂದೆ ಕೇಳಿದ್ದ ಮಾಹಿತಿ ಈಗ ಬಂದಿತ್ತು.

ಆ ಪಟ್ಟಿಗೆ ಕ್ಲಿನಿಕ್ಕಿನವರು ನೋಡಲಾಗದ ಒಂದು ಸೌಲಭ್ಯವಿತ್ತು. ಹಾಕಿಕೊಂಡವರು ಬಿದ್ದರೆ ಮನೆಯವರ ಫೋನಿಗೆ ಸುದ್ದಿ ಹೋಗುತ್ತದೆ; ಮನೆಯವರು ಬರೆದ ಉತ್ತರ ಪಟ್ಟಿಯ ಪುಟ್ಟ ಪರದೆಯ ಮೇಲೆ ಮೂಡುತ್ತದೆ. ಶನಿವಾರ ಮೂರು ಐವತ್ತೆರಡಕ್ಕೆ ಸುದ್ದಿ ಹೋಗಿತ್ತು. ಮೂರು ಐವತ್ತೈದಕ್ಕೆ ಲಿಫ್ಟಣ್ಣ ತಾನೇ ಪಟ್ಟಿಯ ಬಟನ್ ಒತ್ತಿ ಮತ್ತೆ ಕರೆದಿದ್ದ. ನಾಲ್ಕೂ ಆರಕ್ಕೆ ಇನ್ನೊಮ್ಮೆ.

ಎರಡು ಉತ್ತರಗಳು ಬಂದಿದ್ದವು.

'ಬರ್ತಿದ್ದೀನಿ ಭಾವ. ಅಲ್ಲಾಡಬೇಡಿ.'

ಆಮೇಲೆ, ನಾಲ್ಕೂ ಎಂಟಕ್ಕೆ: 'ಇಲ್ಲೇ ಇದ್ದೀನಿ ಭಾವ. ನಿಮ್ಮನ್ನೇ ನೋಡ್ತಾ ಇದ್ದೀನಿ.'

ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿದಳು. ಉತ್ತರ ಹೋಗಿದ್ದು ಎದುರಿಗೆ ಕೂತ ಹೆಂಗಸಿನ ಫೋನಿನಿಂದ.

"ನಿಮ್ಮ ಯಜಮಾನರನ್ನ ನೀವು ಏನಂತ ಕರೀತಿದ್ರಿ?"

"ರೀ ಅಂತ. ಇನ್ನೇನಂತ ಕರೀಲಿ?"

"ಭಾವ ಅಂತ ಯಾರು ಕರೀತಾರೆ?"

"ನನ್ನ ತಮ್ಮ. ಅವನೊಬ್ಬನೇ." ಅವಳು ಮಡಿಸುವುದನ್ನು ನಿಲ್ಲಿಸಿದಳು. "ಯಾಕೆ?"

"ಹೋದ ಶನಿವಾರ ನಿಮ್ಮ ಫೋನ್ ಎಲ್ಲಿತ್ತು?"

"ಗಾಜು ಒಡೆದಿತ್ತು. ಹಾಕಿಸಿ ಕೊಡ್ತೀನಿ ಅಂತ ಆ ವಾರ ತಮ್ಮನೇ ತಗೊಂಡು ಹೋಗಿದ್ದ. ಭಾನುವಾರ ಬೆಳಿಗ್ಗೆ ತಂದುಕೊಟ್ಟ. ಇವರು ಮನೆಗೇ ಬಂದಿಲ್ಲ ಕಣೋ ಅಂದೆ. ಪಾಪ, ದಿನವೆಲ್ಲ ನನ್ನ ಜೊತೆ ಆಸ್ಪತ್ರೆ ಆಸ್ಪತ್ರೆ ಅಲೆದ. ನೀರು ಕುಡಿಸಿದ. ಸಿಕ್ತಾರೆ ಅಕ್ಕ, ಎಲ್ಲಿ ಹೋಗ್ತಾರೆ ಅಂದ."

"ಭಾವ ಮೈದುನ ಇಬ್ಬರೂ ಚೆನ್ನಾಗಿದ್ರಾ?"

"ಎರಡು ವರ್ಷದಿಂದ ಮಾತಿರಲಿಲ್ಲ." ಅವಳ ದನಿ ಇಳಿಯಿತು. "ನಮ್ಮಮ್ಮ ಅದೇ ಕಟ್ಟಡದ ಆರನೇ ಮಹಡಿಯಲ್ಲಿ ಕಸ ಗುಡಿಸ್ತಿದ್ಲು. ಒಂದಿನ ಎದೆ ಹಿಡ್ಕೊಂಡು ಕುಸಿದ್ಲು. ತಮ್ಮ ಮತ್ತೆ ಆಫೀಸಿನವರು ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ ಲಿಫ್ಟಿಗೆ ತಂದ್ರು. ಗಂಟೆ ಹೊಡ್ಕೊಂಡು ಬಿಡ್ತು. ಒಬ್ಬರು ಇಳಿದ್ರು, ನಿಲ್ಲಲಿಲ್ಲ. ಇನ್ನೊಬ್ಬರು ಇಳಿದ್ರು. 'ನೀವು ಇಳೀರಿ ಭಾವ, ನಾನು ನಡೆಸ್ತೀನಿ' ಅಂತ ತಮ್ಮ ಕಾಲಿಗೆ ಬಿದ್ದ. ಇವರು ಇಳೀಲಿಲ್ಲ. ನಾನಿಲ್ಲದೆ ಲಿಫ್ಟ್ ಓಡಬಾರದು, ಅದು ಕಾನೂನು ಅಂದ್ರು. ಕೊನೆಗೆ ಮೆಟ್ಟಿಲಲ್ಲೇ ಹೊತ್ತುಕೊಂಡು ಹೊರಟ್ರು. ಮೂರನೇ ಮಹಡಿ ತಿರುವಲ್ಲಿ ಅಮ್ಮ ಹೋಗಿಬಿಟ್ಲು."

ಹೊರಗೆ ಯಾರದೋ ಬೈಕು ಶುರುವಾಗಿ ದೂರ ಹೋಯಿತು.

"ಅದಾದ ಮೇಲೆ ಇವರು ಸರಿಯಾಗಿ ನಿದ್ದೇನೇ ಮಾಡಲಿಲ್ಲ. ಆ ಪಟ್ಟಿ ಕಟ್ಕೊಂಡದ್ದೂ ಅದಕ್ಕೇ. ಇನ್ನೊಂದು ಸಲ ಯಾರಾದ್ರೂ ಹಾಗೆ ಬಂದ್ರೆ ಗಂಟೆ ಹೊಡೀಬಾರದು ಕಣೇ ಅಂತಿದ್ರು."

"ನಿಮ್ಮ ತಮ್ಮ ಏನು ಕೆಲಸ ಮಾಡೋದು?"

ಹೆಂಡತಿ ಅಚ್ಚರಿಯಿಂದ ಮುಖ ಎತ್ತಿದಳು. "ಲಿಫ್ಟ್ ಮೆಕ್ಯಾನಿಕ್ ಅಲ್ವಾ? ನಿಮಗೆ ಗೊತ್ತಿಲ್ವಾ? ಎರಡು ದಿನದಿಂದ ನಿಮ್ಮ ಜೊತೆನೇ ಇದ್ದೀನಿ ಅಂದ. ಇವರೇ ಅವನಿಗೆ ಆ ಕಂಪನಿಯಲ್ಲಿ ಕೆಲಸ ಕೊಡಿಸಿದ್ದು. ಈಗ ಅರ್ಧ ಗಂಟೆ ಮುಂಚೆ ಫೋನ್ ಮಾಡಿ, 'ಸೂಪರ್ವೈಸರ್ ಒಪ್ಕೊಂಡನಂತೆ ಅಕ್ಕ. ಆದ್ರೆ ಆ ಮೀಸೆಯವನು ಶುಕ್ರವಾರದ ಕಾರ್ಡ್ ತಿರುಗಿಸಿ ತಿರುಗಿಸಿ ನೋಡ್ತಾ ಇದ್ದಾನೆ' ಅಂದ. ಅದ್ಯಾಕೆ ಹಾಗಂದ ಅಂತ ನನಗರ್ಥ ಆಗಲಿಲ್ಲ."

ಅಷ್ಟು ಗೀರು ಬಿದ್ದ ತಿರುಪನ್ನು ನೋಡಿಯೂ, ಎಲ್ಲ ಸರಿ ಎಂದು ಆ ಕಾರ್ಡಿಗೆ ಸಹಿ ಹಾಕಿದವನು ಅವನೇ. ಗೋಡೆಯ ಗಡಿಯಾರದಲ್ಲಿ ನಾಲ್ಕಾಗಿ ಐದು ನಿಮಿಷ.

ಇನ್ಸ್‌ಪೆಕ್ಟರ್ ಮಂಡಿಯ ನೋವು ಮರೆತು ಎದ್ದಳು. ಬಾಗಿಲಿಗೆ ಬರುವಷ್ಟರಲ್ಲಿ ಮೀಸೆಯ ನಂಬರ್ ಒತ್ತಿದ್ದಳು. ಒಂದು ಸಲ ಬಾರಿಸಿತು. ಎರಡು ಸಲ. ಐದನೇ ಸಲಕ್ಕೆ ಯಾರೋ ಎತ್ತಿದರು.

"ಮೀಸೆ, ಅಲ್ಲಿಂದ ತಕ್ಷಣ ಹೊರಗೆ ಬನ್ನಿ. ಒಂದೇ ಒಂದು ಮಾತಾಡಬೇಡಿ, ಸುಮ್ಮನೆ ಬಂದುಬಿಡಿ."

ಆ ಕಡೆ ಗಾಳಿ ಬೀಸುವ ಸದ್ದು. ತಾರಸಿಯ ಗಾಳಿ.

"ಅವರ ಫೋನ್ ನನ್ನ ಹತ್ರ ಕೊಟ್ಟಿದ್ದಾರೆ ಮೇಡಂ" ಎಂದಿತು ಒಂದು ಮೆಲ್ಲನೆಯ ದನಿ. "ಅವರು ಕೆಳಗಿದ್ದಾರೆ."

"ಕೆಳಗೆ ಅಂದ್ರೆ ಎಲ್ಲಿ?"

ಫೋನಿನಲ್ಲಿ ಲಿಫ್ಟಿನ ಯಂತ್ರ ಗುರ್ರೆಂದು ಓಡತೊಡಗಿತು.